ಕೈ ಹಾಕಿದವರ ಹೆಸರು

ನೀಹಾಮಾ, ಜಪಾನ್
14 ಮೇ 2024

ದೊಡ್ಡಪ್ಪನಿಗೆ ಇಂದ್ರಾಣಿಯ ನಮಸ್ಕಾರ. ದೊಡ್ಡಮ್ಮನ ಕಾಲಿಗೂ ಬಿದ್ದೆ ಅಂತ ಹೇಳು.

ಭಾನುವಾರ ತಾನೇ ಫೋನಿನಲ್ಲಿ ಮಾತಾಡಿದ್ದೀಯ, ಮತ್ತೆ ಕಾಗದ ಯಾಕೆ ಅಂತ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ನಗುತ್ತಾರೆ. ನಾನು ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾತು ತೆಗೆದುಕೊಂಡವನು ನೀನೇ. "ಫೋನಾಗೆ ಬಾಯಿ ಕೇಳಿಸ್ತೈತೆ, ಕೈ ಕಾಣಲ್ಲ. ಕೈಯಾಗೆ ಬರ್ದು ಕಳ್ಸು, ಕೆಟ್ಟೋಗೈತಾ ಇಲ್ವಾ ನಾನ್ ನೋಡ್ತೀನಿ" ಅಂದಿದ್ದೆ. ಇಗೋ, ನೋಡಿ ಬೈಯಿ.

ಈ ವೃದ್ಧಾಶ್ರಮಕ್ಕೆ ಬಂದು ಮೂರನೇ ವರ್ಷ ನಡೆಯುತ್ತಿದೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಲಗಿದವರನ್ನು ಮಗ್ಗುಲು ತಿರುಗಿಸುವುದು, ಎಲ್ಲ ರೂಢಿಯಾಗಿದೆ. ಈ ಊರಿನಲ್ಲೂ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತಂತೆ, ನಮ್ಮ ಚಿನ್ನದ ಗಣಿಯ ಹಾಗೆ ಅದೂ ಮುಚ್ಚಿದೆ. ಹೊಸ ಸುದ್ದಿ ಏನೆಂದರೆ ನನಗೆ ಇಲ್ಲಿ ಒಬ್ಬ ಗುರು ಸಿಕ್ಕಿದ್ದಾರೆ. ನಿನಗೆ ಹೊಟ್ಟೆಕಿಚ್ಚಾಗಬಹುದು.

ಹೋದ ತಿಂಗಳು ಬಾಗಿಲ ಹತ್ತಿರ ‘ವೆಲ್‌ಕಮ್’ ಅಂತ ಇಂಗ್ಲಿಷಿನಲ್ಲಿ ಒಂದು ಬೋರ್ಡು ಬೇಕಾಗಿತ್ತು. ನಾನು ಬರೆಯುತ್ತೇನೆ ಅಂದೆ. ನೀನು ಕೊಟ್ಟ ಚಪ್ಪಟೆ ಬ್ರಷ್ಷು ತೆಗೆದು, ಸುಣ್ಣದ ದಾರ ಹೊಡೆದು ಗೆರೆ ಹಾಕಿ, ಗಣಿ ಕಂಪನಿಯಲ್ಲಿ ಬೋರ್ಡು ಬರೆಯುತ್ತಾ ನೀನು ಕಲಿತು ನನಗೆ ಕಲಿಸಿದ ಅದೇ ದೊಡ್ಡ ರೋಮನ್ ಅಕ್ಷರದಲ್ಲಿ ಬರೆದೆ. ಮುಗಿಸಿ ತಿರುಗಿದರೆ ಹಿಂದೆ ಗಾಲಿಕುರ್ಚಿಯಲ್ಲಿ ಮಿಯೋಶಿ ಅಜ್ಜಿ. ವಯಸ್ಸು ಎಂಬತ್ತು ದಾಟಿ ಎಷ್ಟೋ ವರ್ಷವಾಗಿದೆ. ಸ್ಕೂಲಿನಲ್ಲಿ ಮಕ್ಕಳಿಗೆ ಕುಂಚದ ಬರವಣಿಗೆ ಹೇಳಿಕೊಡುತ್ತಿದ್ದವರು. ಮಾತು ಕಮ್ಮಿ, ಕೋಪ ಜಾಸ್ತಿ. "ನನಗೆ ಇದನ್ನು ಕಲಿಸು, ನಮ್ಮದನ್ನು ನಿನಗೆ ಕಲಿಸುತ್ತೇನೆ" ಅಂದರು. ಈಗ ಪ್ರತಿ ಗುರುವಾರ ನನ್ನ ಡ್ಯೂಟಿ ಮುಗಿದ ಮೇಲೆ ಪಾಠ.

ನಮ್ಮ ಚಪ್ಪಟೆ ಬ್ರಷ್ಷಿನಲ್ಲಿ ಮಣಿಕಟ್ಟು ತಿರುಗಿಸಿದರೆ ಗೆರೆ ದಪ್ಪ ಸಣ್ಣ ಆಗುತ್ತದಲ್ಲ, ಅವರ ಮೊನಚು ಕುಂಚದಲ್ಲಿ ಒತ್ತಿದರೆ ದಪ್ಪ, ಎತ್ತಿದರೆ ಸಣ್ಣ. ನಾವು ಕೋಲಿಗೆ ಕೈ ಆನಿಸಿ ಬರೆಯುತ್ತೇವೆ. ಅವರು ಕೈಯನ್ನು ಎಲ್ಲಿಗೂ ತಾಗಿಸದೆ ಭುಜದಿಂದ ಬರೆಯುತ್ತಾರೆ. ಇಂಗ್ಲಿಷಿನ ‘ಓ’ ಅನ್ನು ಎಡಗಡೆ ಅರ್ಧ, ಬಲಗಡೆ ಅರ್ಧ ಅಂತ ಎರಡು ಸಲಕ್ಕೆ ಬರೆದು ತೋರಿಸಿದೆ. ಅಜ್ಜಿ ನನ್ನ ಬ್ರಷ್ಷನ್ನೇ ಇಸಿದುಕೊಂಡು ಒಂದೇ ಉಸಿರಿಗೆ ಸುತ್ತಿಬಿಟ್ಟರು. ಸೊಟ್ಟಗೆ ಬಂತು, ಆದರೆ ದೊಡ್ಡಪ್ಪ, ಅದು ಹಾಳೆಯ ಮೇಲಿಂದ ಉರುಳಿ ಹೋಗುತ್ತದೇನೋ ಅನ್ನಿಸಿತು!

ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಅಜ್ಜಿ ಗೆರೆ ಎಳೆಯುವಾಗ ನಡುವೆ ಶಾಯಿ ಒಣಗಿ ಬಿಳಿ ಸಂದು ಬಿಡುತ್ತದೆ. ಯಾಕೆ ಅಂತ ಕೇಳಿದರೆ "ನೋಡು" ಅನ್ನುತ್ತಾರೆ, ಅಷ್ಟೇ. ಅವರಿಗೆ ಭುಜದ ನೋವಿದೆ. ಕೈ ಸೋತಿದೆ ಅಂತ ಕಾಣುತ್ತದೆ. ಬಾಯಿ ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ ಇಂದ್ರಾಣಿ


ಚಾಂಪಿಯನ್ ರೀಫ್ಸ್
9 ಜೂನ್ 2024

ಚಿರಂಜೀವಿ ಇಂದ್ರಾಣಿಗೆ ದೊಡ್ಡಪ್ಪ ಕೋದಂಡಪ್ಪನ ಆಶೀರ್ವಾದ, ದೊಡ್ಡಮ್ಮನದು ಅದಕ್ಕಿಂತ ಒಂದು ಹಿಡಿ ಜಾಸ್ತಿ.

ಈ ಕಾಗದವನ್ನು ನಾನು ಹೇಳುತ್ತಿದ್ದೇನೆ, ಅಂಗಡಿಯ ವಿಜಯಕುಮಾರ ಬರೆಯುತ್ತಿದ್ದಾನೆ. ನನ್ನ ಜೊತೆ ಹತ್ತು ವರ್ಷದಿಂದ ಬ್ರಷ್ ಹಿಡಿದವನು, ಅಕ್ಷರಕ್ಕೆ ಮೋಸವಿಲ್ಲ. ಬಂಗಾರಪೇಟೆಯ ನಮ್ಮ ಬೋರ್ಡಿನ ಅಂಗಡಿಯಲ್ಲಿ ಕೆಲಸ ಕುತ್ತಿಗೆವರೆಗೆ ಬಂದಿದೆ, ನನಗೆ ಕೂತು ಬರೆಯಲು ಪುರುಸೊತ್ತಿಲ್ಲ. ಫ್ಲೆಕ್ಸ್ ಬಂದಮೇಲೆ ಎಂಥ ಕೆಲಸ ಅಂತ ಕೇಳಬೇಡ. ಟ್ರ್ಯಾಕ್ಟರು, ಹಾಲಿನ ಡೈರಿ, ಸಮಾಧಿ ಕಲ್ಲು, ಇವಕ್ಕೆಲ್ಲ ಇನ್ನೂ ಕೈಯೇ ಬೇಕು.

ನಿನ್ನ ಕೈ ಕೆಟ್ಟಿಲ್ಲ. ಅಕ್ಷರದ ಹೊಟ್ಟೆಗಳು ಸ್ವಲ್ಪ ದಪ್ಪಗಾಗಿವೆ, ಆ ಊರಿನ ಅನ್ನ ಒಗ್ಗಿದೆ ಅಂತ ಲೆಕ್ಕ. ನಿನ್ನ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಆದರೆ ‘ಓ’ ಅನ್ನು ಒಂದೇ ಸಲಕ್ಕೆ ಸುತ್ತುವುದು ದೋಸೆ ಹೊಯ್ಯುವವರ ಕೆಲಸ ಅಂತ ನಾನು ಹೇಳಿದೆ ಅಂತ ಹೇಳಬೇಡ.

ಇನ್ನು ಸಂದಿನ ವಿಷಯ. ಊರಿಗಾಂನಲ್ಲಿ ಕಂಪನಿಯ ಪೇಂಟ್ ಶೆಡ್ ಇತ್ತು. ನನ್ನ ಕೈಗೆ ಬ್ರಷ್ ಕೊಟ್ಟವರು ಅಲ್ಲಿಯ ಕದಿರಪ್ಪ ಮೇಸ್ತ್ರಿ. ನಾವು ಬರೆದ ಬೋರ್ಡುಗಳು ಗಣಿಯೊಳಕ್ಕೆ ಇಳಿಯುತ್ತಿದ್ದವು. ಅಲ್ಲಿ ತಲೆಮೇಲಿನ ದೀಪ ಬಿಟ್ಟರೆ ಬೆಳಕಿಲ್ಲ. ಅಕ್ಷರದಲ್ಲಿ ಸಂದು ಉಳಿದರೆ ಯಾವನೋ ಒಂದನ್ನು ಇನ್ನೊಂದು ಅಂತ ಓದಿಕೊಂಡು ಕಾಲಿಡಬಾರದ ಕಡೆ ಕಾಲಿಡುತ್ತಾನೆ. ಅದಕ್ಕೇ ಎರಡನೇ ಕೈ ಬಣ್ಣ ಬೀಳದೆ ಒಂದು ಬೋರ್ಡೂ ಶೆಡ್ ಬಿಟ್ಟು ಹೊರಡುತ್ತಿರಲಿಲ್ಲ. ಮೇಸ್ತ್ರಿಗೆ ವಯಸ್ಸಾಗಿ ಅವರ ಗೆರೆಯಲ್ಲೂ ಸಂದು ಬೀಳತೊಡಗಿತು. ಅವರು ಟೀಗೆ ಹೋದ ಹೊತ್ತು ನೋಡಿ ನಾವು ಶಿಷ್ಯರು ಬೇಗ ಬೇಗ ತುಂಬಿಬಿಡುತ್ತಿದ್ದೆವು. ಬಂದು ನೋಡಿ ಅವರು ಏನೂ ಹೇಳುತ್ತಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ. ರಿಟೈರ್ ಆಗುವವರೆಗೂ ಅವರ ಮಾನ ಉಳಿಯಿತು. ಗುರುವಿಗೆ ಮಾಡುವ ಸೇವೆ ಅಂದರೆ ಅದು. ನೀನೂ ಹಾಗೇ ಮಾಡು. ಬಾಯಿ ಬಿಡಬೇಡ, ಕೈ ಆಡಿಸು.

ದೊಡ್ಡಮ್ಮ ಪಕ್ಕದಲ್ಲೇ ಕೂತು, "ತಣ್ಣೀರಾಗೆ ಕೈ ಇಕ್ಬ್ಯಾಡ ಅಂತ ಬರ್ಯೋ ಇಜಯಾ, ಆ ಮಗೀಗೆ ನೆಗಡಿ ಜಾಸ್ತಿ" ಅಂತ ಹೇಳುತ್ತಿದ್ದಾಳೆ. ಬರೆಸಿದ್ದೇನೆ.

ಕೋದಂಡಪ್ಪ


ನೀಹಾಮಾ
2 ಜುಲೈ 2024

ದೊಡ್ಡಪ್ಪ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನನ್ನ ಮುಖ ಸಪ್ಪಗಾಯಿತು. ವಿಜಯಣ್ಣನ ಅಕ್ಷರ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಕೈಯಲ್ಲಿ ಬರೆ ಅಂತ ಕಟ್ಟು ಮಾಡಿ, ನೀನು ಇನ್ನೊಬ್ಬರ ಕೈಯಲ್ಲಿ ಬರೆಸಿದರೆ ಅದು ಯಾವ ನ್ಯಾಯ? ಟ್ರ್ಯಾಕ್ಟರಿಗೆ ಕೊಡುವಷ್ಟು ಹೊತ್ತು ನನಗೆ ಕೊಡಲು ಆಗಲಿಲ್ಲವಾ? ಕೋಪ ಬಂದಿದೆ, ಬಂದದ್ದನ್ನು ಬರೆದಿದ್ದೇನೆ.

ಇಲ್ಲಿ ದೊಡ್ಡ ತಯಾರಿ ನಡೆದಿದೆ. ಅಜ್ಜಿಯ ಹಳೆಯ ಶಿಷ್ಯರೆಲ್ಲ ಸೇರಿ ನವೆಂಬರಿನಲ್ಲಿ ಅವರ ಸ್ಕೂಲಿನಲ್ಲಿ ಪ್ರದರ್ಶನ ಇಟ್ಟಿದ್ದಾರೆ. ಅದಕ್ಕೆ ಅಜ್ಜಿ ಆಳೆತ್ತರದ ಒಂದು ಹಾಳೆ ಬರೆಯಬೇಕು. ಮೇಲೆ ಅವರ ಕುಂಚದಲ್ಲಿ ಬೆಟ್ಟ ಅನ್ನುವ ಅಕ್ಷರ. ನೋಡಲು ಮೂರು ಕಂಬ ನಿಂತ ಹಾಗಿರುತ್ತದೆ, ನಡುವಿನದು ಎತ್ತರ, ಕೆಳಗೆ ಮೂರನ್ನೂ ಹಿಡಿದುಕೊಂಡ ಒಂದು ಅಡ್ಡಗೆರೆ. ಅದರ ಕೆಳಗೆ ಅದೇ ಮಾತು ರೋಮನ್ ಅಕ್ಷರದಲ್ಲಿ, ನಮ್ಮ ಚಪ್ಪಟೆ ಬ್ರಷ್ಷಿನಲ್ಲಿ. ಅವರ ಭಾಷೆಯಲ್ಲಿ ಬೆಟ್ಟಕ್ಕೆ ‘ಯಮ’ ಅನ್ನುತ್ತಾರೆ. ದೊಡ್ಡಮ್ಮನಿಗೆ ಹೇಳಬೇಡ, ದೇವರಿಗೆ ಹರಕೆ ಕಟ್ಟಿಬಿಡುತ್ತಾಳೆ.

ಎರಡನ್ನೂ ಒಂದೇ ಹಾಳೆಯ ಮೇಲೆ ಕೂರಿಸುವುದು ಸುಲಭವಲ್ಲ. ರೋಮನ್ ಅಕ್ಷರಗಳು ರೇಷನ್ ಅಂಗಡಿ ಕ್ಯೂನಲ್ಲಿ ನಿಂತ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅವರದು ಒಂದು ಗೆರೆ ಮುಗಿಯುವ ಮೊದಲೇ ಇನ್ನೊಂದರ ಕಡೆಗೆ ನೋಡುತ್ತಿರುತ್ತದೆ. ಕೊನೆಗೆ ಅಜ್ಜಿ ರೋಮನ್ ಅಕ್ಷರದ ಮೂಲೆಗಳ ಕತ್ತಿಯಂಥ ಚೂಪನ್ನು ಬಿಟ್ಟು, ಚಪ್ಪಟೆ ಬ್ರಷ್ಷನ್ನು ಕಡೆಯಲ್ಲಿ ಮೆಲ್ಲಗೆ ಎತ್ತುವುದನ್ನು ಕಂಡುಕೊಂಡಿದ್ದಾರೆ. ನಾನು ಅವರ ಮೊನಚು ಕುಂಚದಲ್ಲಿ ಕನ್ನಡ ಬರೆದು ತೋರಿಸಿದೆ. ಇದು ರೋಮನ್ನಿಗೂ ನಿಮ್ಮದಕ್ಕೂ ನೆಂಟನಾಗಬಹುದು ಅಂದೆ. ಅಜ್ಜಿ ನಕ್ಕರು, ಅಪರೂಪಕ್ಕೆ.

ಹಳೆಯ ಶಿಷ್ಯರಲ್ಲಿ ಕೆಲವರಿಗೆ ಈ ಬೆರಕೆ ಇಷ್ಟವಿಲ್ಲ. ಅಜ್ಜಿ ಕೇಳುವುದಿಲ್ಲ. ಡಾಕ್ಟರು ಭುಜ ಇನ್ನು ತಡೆಯುವುದಿಲ್ಲ ಅಂದಿದ್ದಾರೆ. "ಇದೇ ನನ್ನ ಕೊನೆಯ ದೊಡ್ಡ ಹಾಳೆ" ಅಂತ ಅಜ್ಜಿ ನನಗೆ ಹೇಳಿದರು. ಅಳು ಗಿಳು ಏನೂ ಇಲ್ಲ, ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಇಂದ್ರಾಣಿ


ಬಂಗಾರಪೇಟೆ
24 ಜುಲೈ 2024

ಇಂದ್ರಾಣಿಗೆ,

ಯಾರ ಕೈಯಾದರೇನು, ಮಾತು ನನ್ನದೇ. ಬೈದದ್ದು ಸಾಕು. ಕೆಲಸದ ಗಡಿಬಿಡಿ ಇಳಿದ ಮೇಲೆ ನಾನೇ ಬರೆಯುತ್ತೇನೆ.

ಅಜ್ಜಿಯ ಕೊನೆಯ ಹಾಳೆ ಅಂದೆ. ಹಾಗಿದ್ದರೆ ನಾನು ಹೇಳಿದ್ದನ್ನು ಮರೆಯಬೇಡ. ಮೊದಲೇ ಆಗದವರು ಕಾದು ಕೂತಿದ್ದಾರೆ. ನಾಲ್ಕು ಜನರ ಮುಂದೆ ಆ ಹಾಳೆ ಸಂದು ಬಿಟ್ಟುಕೊಂಡು ನಿಂತರೆ, ನೋಡಿ ಮುದುಕಿಯ ಕೈ ಬಿದ್ದುಹೋಯಿತು ಅನ್ನುತ್ತಾರೆ. ನೀನು ಪಕ್ಕದಲ್ಲಿದ್ದೂ ಹಾಗಾದರೆ ಅವಮಾನ ನನಗೆ. ಅಜ್ಜಿಗೆ ಗೊತ್ತಾಗದ ಹಾಗೆ, ಸಣ್ಣ ಬ್ರಷ್ಷಿನಲ್ಲಿ ತುಂಬಿಬಿಡು.

ಕೋದಂಡಪ್ಪ

ಇಂದ್ರಾಣಿ, ಇದು ವಿಜಯಕುಮಾರ. ಮಾಮ ಟೀ ಕುಡಿಯಲು ಆಚೆ ಹೋಗಿದ್ದಾರೆ. ನೀನೇ ಬರೆ ಅಂತ ಅವರಿಗೆ ಒತ್ತಾಯ ಮಾಡಬೇಡಮ್ಮ. ಬೇರೆ ಏನೂ ಇಲ್ಲ, ಚೆನ್ನಾಗಿದ್ದಾರೆ.


ನೀಹಾಮಾ
28 ಆಗಸ್ಟ್ 2024

ದೊಡ್ಡಪ್ಪನಿಗೆ,

ನಾನು ಕ್ಷೇಮ. ಇಲ್ಲಿ ವಿಪರೀತ ಸೆಕೆ. ಒಂದು ಚಂಡಮಾರುತ ಬರುತ್ತದೆ ಅಂತ ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದೇವೆ. ನನ್ನ ಡ್ಯೂಟಿಯನ್ನು ಮೇಲಿನ ಮಹಡಿಗೆ ಬದಲಾಯಿಸಿದ್ದಾರೆ. ಬ್ರಷ್ಷಿನ ಅಭ್ಯಾಸ ಸದ್ಯಕ್ಕೆ ನಿಂತಿದೆ. ದೊಡ್ಡಮ್ಮನಿಗೆ ನಾನು ಫೋನ್ ಮಾಡುತ್ತೇನೆ ಅಂತ ಹೇಳು. ನಿನಗೆ ಕೆಲಸವಿರುತ್ತದೆ, ಉತ್ತರಕ್ಕೆ ಅವಸರವಿಲ್ಲ.

ಇಂದ್ರಾಣಿ


ಚಾಂಪಿಯನ್ ರೀಫ್ಸ್
18 ಸೆಪ್ಟೆಂಬರ್ 2024

ಇಂದ್ರಾಣಿಗೆ,

ಇದೇನು ಕಾಗದವಾ, ಹವಾಮಾನ ವರದಿಯಾ? ಅಜ್ಜಿಯ ಹಾಳೆ ಏನಾಯಿತು, ಬರೆದರಾ, ಬೆಟ್ಟ ಹೇಗೆ ಬಂತು, ಒಂದಕ್ಕೂ ಉತ್ತರವಿಲ್ಲ. ನನ್ನ ಮೇಲೆ ಕೋಪ ಅಂದುಕೊಂಡು ಓದಿದೆ. ಮತ್ತೆ ಓದಿದೆ. ಕೋಪವಿದ್ದರೆ ನಿನ್ನ ಅಕ್ಷರ ಬಲಕ್ಕೆ ವಾಲುತ್ತದೆ. ಇದರಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿವೆ, ಚಳಿ ಹಿಡಿದ ಕೋಳಿಗಳ ಹಾಗೆ. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ.

ದೊಡ್ಡಮ್ಮನೂ ಬಿಡುತ್ತಿಲ್ಲ. "ಫೋನಾಗೆ ನಗ್ತಾಳೆ, ಆದ್ರೆ ಆ ನಗಾದ್ರಾಗೆ ಜೀವ ಇಲ್ಲ. ಏನಾಗೈತೆ ಅಂತ ಕೇಳು. ನೀ ಕೇಳ್ದಿದ್ರೆ ನಾನೇ ವಿಮಾನ ಅತ್ತಿ ಓಗ್ತೀನಿ" ಅನ್ನುತ್ತಾಳೆ. ಮಾರಿಕುಪ್ಪಂ ರೈಲು ಹತ್ತಿದರೇ ವಾಂತಿ ಮಾಡುವವಳು ಇವಳು.

ಏನಿದ್ದರೂ ಬರೆ. ಬೈಯುವುದಿಲ್ಲ.

ದೊಡ್ಡಪ್ಪ


ನೀಹಾಮಾ
6 ಅಕ್ಟೋಬರ್ 2024

ದೊಡ್ಡಪ್ಪ,

ಬರೆಯುತ್ತೇನೆ.

ಆಗಸ್ಟ್ ಮೊದಲ ವಾರ ಅಜ್ಜಿ ಆ ಹಾಳೆ ಬರೆದರು. ನಾನೇ ಕಲ್ಲಿನ ಮೇಲೆ ಶಾಯಿಕಡ್ಡಿ ಅರೆದೆ. ಆಶ್ರಮದ ಹಜಾರದ ನೆಲದ ಮೇಲೆ ಕಂಬಳಿ ಹಾಸಿ ಹಾಳೆ ಹರಡಿದೆವು. ಅಜ್ಜಿಯ ಸೊಂಟವನ್ನು ಇಬ್ಬರು ಹಿಡಿದುಕೊಂಡೆವು. ನಡುವಿನ ಕಂಬವನ್ನು ಮೇಲಿನಿಂದ ಎಳೆಯುತ್ತಾ ಬಂದರು, ಅರ್ಧ ದಾರಿಯಲ್ಲಿ ಕುಂಚ ಒಣಗಿತು. ನಿಲ್ಲಿಸಲಿಲ್ಲ. ಒಣಗಿದ ಕುಂಚದಲ್ಲೇ ಕೆಳಗಿನವರೆಗೂ ಬಂದರು. ಆಮೇಲೆ ಪಕ್ಕದ ಕಂಬಗಳು, ಆಮೇಲೆ ನಮ್ಮ ಬ್ರಷ್ಷಿನಲ್ಲಿ ರೋಮನ್ ಅಕ್ಷರ. ಮುಗಿದಾಗ ಅವರ ಮುಖ ಬೆಳ್ಳಗಾಗಿತ್ತು. ಜೊತೆಯ ಹುಡುಗಿ ಅವರನ್ನು ಸ್ನಾನಕ್ಕೆ ಕರೆದುಕೊಂಡು ಹೋದಳು. ಹಜಾರದಲ್ಲಿ ನಾನೊಬ್ಬಳೇ ಉಳಿದೆ.

ನಡುವಿನ ಕಂಬದ ತುಂಬ ಬಿಳಿ ಸಂದು. ಕೈ ಸೋತದ್ದು ಊರಿಗೆಲ್ಲ ಕಾಣುತ್ತದೆ ಅನ್ನಿಸಿತು. ಸಣ್ಣ ಕುಂಚ ತೆಗೆದುಕೊಂಡೆ. ಅಷ್ಟು ಪ್ರೀತಿಯಿಂದ ನಾನು ಯಾವ ಅಕ್ಷರವನ್ನೂ ಬರೆದಿಲ್ಲ ದೊಡ್ಡಪ್ಪ. ಒಂದೊಂದೇ ಸಂದು ತುಂಬಿದೆ.

ಇಲ್ಲಿಯ ಹಾಳೆ ನಮ್ಮ ತಗಡಿನ ಹಾಗಲ್ಲ. ಮೊದಲು ಬಿದ್ದ ಶಾಯಿಯ ಮೇಲೆ ಇನ್ನೊಂದು ಬಿದ್ದರೆ ಒಣಗಿದ ಮೇಲೆ ತೇಪೆಯ ಹಾಗೆ ಎದ್ದು ಕಾಣುತ್ತದೆ. ನನ್ನ ಕಣ್ಣೆದುರೇ ಒಂದೊಂದಾಗಿ ಎದ್ದು ಬಂದವು. ಅಜ್ಜಿ ಸ್ನಾನ ಮುಗಿಸಿ ಬಂದು ನೋಡಿದರು. "ಓ" ಅಂದರು.

ಸಂದು ಕೈ ಸೋತು ಬಿದ್ದದ್ದಲ್ಲವಂತೆ. ಹಳೆಯ ಶಿಷ್ಯೆಯೊಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದರು. ಉಸಿರು ಎಲ್ಲಿ ಬಿಗಿಯಾಯಿತು, ಎಲ್ಲಿ ಓಡಿತು ಅನ್ನುವುದು ಅಲ್ಲೇ ಕಾಣುವುದಂತೆ. ನೋಡುವವರು ಮೊದಲು ನೋಡುವುದೇ ಅದನ್ನಂತೆ. ಒಮ್ಮೆ ಎಳೆದ ಗೆರೆಯನ್ನು ಬರೆದವರೂ ಮತ್ತೆ ಮುಟ್ಟುವ ಹಾಗಿಲ್ಲ. ಇದನ್ನು ಐದು ವರ್ಷದ ಮಗುವಿಗೂ ಹೇಳಿಕೊಡುತ್ತಾರಂತೆ. ನನಗೆ ಯಾರೂ ಹೇಳಲಿಲ್ಲ, ಯಾಕೆಂದರೆ ದೊಡ್ಡವಳೊಬ್ಬಳು ಹೀಗೆ ಮಾಡಬಹುದು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಮಾರನೇ ದಿನ ಅಜ್ಜಿ ತಮಗೆ ಸ್ನಾನ ಮಾಡಿಸಲು ಬೇರೆಯವರನ್ನು ಕಳಿಸಿ ಅಂದರು. ಮ್ಯಾನೇಜರು ಬೈಯಲಿಲ್ಲ, ಮಹಡಿ ಬದಲಾಯಿಸಿದರು. ಭುಜ ಪೂರ್ತಿ ಹಿಡಿದುಕೊಂಡಿದೆ, ಇನ್ನೊಂದು ಹಾಳೆ ಬರೆಯುವ ಮಾತೇ ಇಲ್ಲ. ಕೊನೆಯದನ್ನು ನಾನು ಹಾಳು ಮಾಡಿದೆ. ಅವರಿಗೆ ಮುಖ ತೋರಿಸಲು ನನಗೆ ಆಗುತ್ತಿಲ್ಲ. ಬೇರೆ ಊರಿನ ವೃದ್ಧಾಶ್ರಮದಲ್ಲಿ ಜಾಗ ಇದೆ ಅಂತ ಗೆಳತಿ ಹೇಳುತ್ತಿದ್ದಾಳೆ. ನವೆಂಬರಿನ ಒಳಗೆ ಹೊರಟುಬಿಡೋಣ ಅಂದುಕೊಂಡಿದ್ದೇನೆ.

ತಪ್ಪು ನನ್ನದೇ. ನೀನು ಬೇಜಾರು ಮಾಡಿಕೊಳ್ಳಬೇಡ.

ಇಂದ್ರಾಣಿ


ಚಾಂಪಿಯನ್ ರೀಫ್ಸ್
21 ಅಕ್ಟೋಬರ್ 2024

ಮಗಳೇ,

ಈ ಅಕ್ಷರ ನೋಡಿ ಹೆದರಬೇಡ. ನನ್ನದೇ.

ಸಂಕ್ರಾಂತಿಯಿಂದ ಬಲಗೈ ನಡುಗುತ್ತಿದೆ. ಕೋಲಾರದ ಡಾಕ್ಟರು ನರದ ತೊಂದರೆ ಅಂತ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ನಡುಕ ಹೋಗುವುದಿಲ್ಲ. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಾಚಿಕೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ನಿನ್ನ ಕೈ ನೋಡುತ್ತೇನೆ ಅಂತ ಜಂಬ ಕೊಚ್ಚಿದವನು ನನ್ನ ಕೈಯನ್ನು ಹೇಗೆ ತೋರಿಸಲಿ?

ಆಗಸ್ಟಿನಲ್ಲಿ ಹಾಲಿನ ಡೈರಿಯ ಬೋರ್ಡು ಬರೆಯುತ್ತಿದ್ದೆ. ಟೀಗೆ ಅಂತ ಹೊರಟವನು ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ. ವಿಜಯಕುಮಾರ ಬೋರ್ಡಿನ ಮುಂದೆ ಕೂತು ನನ್ನ ಅಕ್ಷರದ ಸಂದು ತುಂಬುತ್ತಿದ್ದ. "ಏನ್ಲಾ ಮಾಡ್ತಾ ಇದ್ದೀಯ?" ಅಂದೆ. "ಏನಿಲ್ಲ ಮಾಮ, ನೊಣ ಕುಂತಿತ್ತು, ಒರೆಸ್ತಾ ಇದ್ದೆ" ಅಂದ. ನಾನು ಏನೂ ಹೇಳಲಿಲ್ಲ. ಕನ್ನಡಕ ತೆಗೆದುಕೊಂಡು ಮತ್ತೆ ಆಚೆ ಹೋದೆ. ಟೀ ತರಿಸಿಕೊಂಡು ಕುಡಿಯದೆ ಎದ್ದು ಬಂದೆ.

ಕದಿರಪ್ಪ ಮೇಸ್ತ್ರಿ ಏನೂ ಹೇಳುತ್ತಿರಲಿಲ್ಲ ಅಂತ ನಿನಗೆ ಬರೆಸಿದ್ದೆನಲ್ಲ, ಯಾಕೆ ಹೇಳುತ್ತಿರಲಿಲ್ಲ ಅಂತ ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ. ಅವತ್ತು ಗೊತ್ತಾಯಿತು. ಅವರ ಬೋರ್ಡಿನ ಮುಂದಿನಿಂದ ಅವರನ್ನೇ ಎಬ್ಬಿಸಿ ಕಳಿಸಿದ ಹಾಗೆ ಮಾಡಿದ್ದೆವು ನಾವು. ಗೊತ್ತಾದ ಮೇಲಾದರೂ ನಿನಗೆ ಬೇಡ ಅಂತ ಫೋನ್ ಮಾಡಬಹುದಿತ್ತು. ಮಾಡಬೇಕಾದರೆ ನನ್ನ ನಡುಕದ ಕಥೆ ಹೇಳಬೇಕಾಗುತ್ತಿತ್ತು. ಸುಮ್ಮನಿದ್ದೆ. ಅಷ್ಟರಲ್ಲಿ ನೀನು ತುಂಬಿಯೂ ಆಗಿತ್ತು ಅಂತ ಈಗ ತಿಳಿಯಿತು, ಆದರೂ ನನಗೆ ಸಮಾಧಾನವಿಲ್ಲ.

ಇದರ ಜೊತೆ ಒಂದು ಹಾಳೆ ಸುತ್ತಿ ಇಟ್ಟಿದ್ದೇನೆ. ಅಜ್ಜಿಗೆ. ಕನ್ನಡದಲ್ಲಿ ‘ಬೆಟ್ಟ’ ಅಂತ ಬರೆದಿದ್ದೇನೆ, ಚಪ್ಪಟೆ ಬ್ರಷ್ಷಿನಲ್ಲಿ, ದಾರ ಹೊಡೆಯದೆ, ಕೋಲಿಗೆ ಆನಿಸದೆ, ಅವರ ಹಾಗೆ ಭುಜದಿಂದ. ಎಷ್ಟು ಕಡೆ ನಡುಗಿದೆ, ಎಷ್ಟು ಕಡೆ ಬಿಟ್ಟುಹೋಗಿದೆ, ಅವರೇ ನೋಡಿಕೊಳ್ಳಲಿ. ಎರಡನೇ ಕೈ ಬೀಳದೆ ನನ್ನ ಅಂಗಡಿಯಿಂದ ಆಚೆ ಹೋಗುತ್ತಿರುವ ಮೊದಲನೇ ಬರಹ ಇದು. ವಿಜಯಕುಮಾರನನ್ನು ಮನೆಗೆ ಕಳಿಸಿ, ಅಂಗಡಿಯ ಬಾಗಿಲು ಹಾಕಿಕೊಂಡು ಆಮೇಲೆ ಬರೆದೆ.

ಸಂದು ತುಂಬು ಅಂತ ಹೇಳಿದ ಕೈ ಇದೇ ಅಂತ ಅಜ್ಜಿಗೆ ಹೇಳು. ಬೇರೆಯವರ ಕೈಯಲ್ಲಿ ಕಳಿಸಬೇಡ, ನೀನೇ ಹೋಗಿ ಕೊಡು. ಆಮೇಲೆ ಬೇರೆ ಊರಿಗೆ ಹೋಗಬೇಕಾದರೆ ಹೋಗು.

ಕೋದಂಡಪ್ಪ


ನೀಹಾಮಾ
20 ನವೆಂಬರ್ 2024

ದೊಡ್ಡಪ್ಪ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಅಕ್ಷರ ನೋಡಿಯೇ ಅತ್ತೆ, ಓದಿದ್ದು ಆಮೇಲೆ. ಟ್ರ್ಯಾಕ್ಟರಿಗೆ ಕೊಡುವಷ್ಟು ಹೊತ್ತು ನನಗೆ ಕೊಡಲಿಲ್ಲ ಅಂತ ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕಿಬಿಡು. ನೀನು ನನಗೆ ಹೇಳಬೇಕಾಗಿತ್ತು. ಇನ್ನು ಮೇಲೆ ಎಷ್ಟು ನಡುಗಿದರೂ ನೀನೇ ಬರೆಯಬೇಕು.

ಹಾಳೆ ತೆಗೆದುಕೊಂಡು ಅಜ್ಜಿಯ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತಿದ್ದೆ, ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸುರುಳಿ ಬಿಚ್ಚಿ ಅವರ ಮಡಿಲಿಗೆ ಇಟ್ಟೆ. ಅವರಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಬೆರಳಿಟ್ಟು, ಗೆರೆ ಎಲ್ಲಿ ಶುರುವಾಯಿತೋ ಅಲ್ಲಿಂದ ಕೊನೆಯವರೆಗೆ ನಿನ್ನ ಕೈ ಹೋದ ದಾರಿಯಲ್ಲೇ ಹೋದರು. "ಇಲ್ಲಿ ನಿಲ್ಲಿಸಬೇಕು ಅಂದುಕೊಂಡಿದ್ದಾರೆ" ಅಂದರು. "ಇಲ್ಲಿ ಕೋಪ ಬಂದಿದೆ. ಇಲ್ಲಿ ಕೋಪ ಬಿಟ್ಟಿದ್ದಾರೆ." ಆಮೇಲೆ, "ಯಾರು ಇವರು?" ಅಂತ ಕೇಳಿದರು. ನೀನು ಹೇಳಿಕೊಟ್ಟ ಮಾತನ್ನು ಹಾಗೇ ಹೇಳಿದೆ. ಕದಿರಪ್ಪ ಮೇಸ್ತ್ರಿ, ಗಣಿಯ ಬೋರ್ಡು, ವಿಜಯಣ್ಣ, ಎಲ್ಲ ಹೇಳಿದೆ.

ಅಜ್ಜಿ ಹಾಳೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನಿನ್ನ ಮೇಲೆ ನನಗೆ ಕೋಪವಿದೆ. ಅದು ಪ್ರದರ್ಶನದ ಒಳಗೆ ಹೋಗುವುದಿಲ್ಲ. ನಾನು ಸಾಯುವುದರೊಳಗೆ ಹೋಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಆ ಹಾಳೆಯನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಇಬ್ಬರು ಕೈ ಹಾಕಿದ್ದಾರೆ. ಕೈ ಹಾಕಿದವರು ಹೆಸರೂ ಹಾಕಬೇಕು."

ಬೀರುವಿನಿಂದ ಹಾಳೆ ತೆಗೆಸಿದರು. ಸಹಿಯ ಬದಲು ಒತ್ತುವ ಅವರ ಕೆಂಪು ಮುದ್ರೆಯ ಪಕ್ಕದಲ್ಲಿ ಜಾಗ ತೋರಿಸಿ, "ನಿನ್ನ ಅಕ್ಷರದಲ್ಲಿ ಬರೆ" ಅಂದರು. ಕನ್ನಡದಲ್ಲಿ ಬರೆದೆ. ಜೀವಮಾನದಲ್ಲಿ ನನ್ನ ಹೆಸರು ಬರೆಯಲು ಅಷ್ಟು ಭಯವಾದದ್ದಿಲ್ಲ.

ಹೋದ ಶನಿವಾರ ಪ್ರದರ್ಶನ ಆಯಿತು. ಅಜ್ಜಿ ನನ್ನನ್ನು ಹಾಳೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು. ಬಂದವರೆಲ್ಲ ನಡುವಿನ ಕಂಬ ನೋಡುತ್ತಾರೆ, ಏನಾಯಿತು ಅಂತ ಕೇಳುತ್ತಾರೆ, ಅಜ್ಜಿ ನನ್ನ ಕಡೆ ತೋರಿಸುತ್ತಾರೆ, ನಾನು ಎದ್ದು ನಿಂತು ಹೇಳುತ್ತೇನೆ. ಬೆಳಿಗ್ಗೆ ನೆಲ ನೋಡಿಕೊಂಡು ಹೇಳುತ್ತಿದ್ದೆ. ಸಂಜೆಗೆ ನೆಟ್ಟಗೆ ಹೇಳಲು ಬಂತು. ಹಳೆಯ ಶಿಷ್ಯರಲ್ಲಿ ಒಬ್ಬರು ಮುಖ ತಿರುಗಿಸಿಕೊಂಡು ಹೋದರು. ಇನ್ನೊಬ್ಬರು ಬಹಳ ಹೊತ್ತು ನಿಂತು ರೋಮನ್ ಅಕ್ಷರಗಳ ಕೊನೆಗಳನ್ನು ನೋಡಿ, ಇದನ್ನು ಹೇಗೆ ಎತ್ತುತ್ತೀರಿ ಅಂತ ಬ್ರಷ್ಷು ಕೇಳಿದರು.

ನಿನ್ನ ‘ಬೆಟ್ಟ’ ಪ್ರದರ್ಶನಕ್ಕೆ ಹೋಗಲಿಲ್ಲ. ಅಜ್ಜಿ ಕೊಡಲಿಲ್ಲ. ತಮ್ಮ ಮಂಚದ ಎದುರಿನ ಗೋಡೆಗೆ ಹಾಕಿಸಿಕೊಂಡಿದ್ದಾರೆ. ನಾನು ಎಲ್ಲಿಗೂ ಹೋಗುತ್ತಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, "ಗುರುವಾರ ಬಾ. ನನಗೆ ಬರೆಯಲು ಆಗುವುದಿಲ್ಲ, ನೀನು ಬರೆಯುವುದನ್ನು ನೋಡಲು ಆಗುತ್ತದೆ" ಅಂದರು.

ಇಂದ್ರಾಣಿ


ಬಂಗಾರಪೇಟೆ
12 ಡಿಸೆಂಬರ್ 2024

ಇಂದ್ರಾಣಿಗೆ ದೊಡ್ಡಪ್ಪನ ಆಶೀರ್ವಾದ.

ನಾನೇ ಬರೆಯುತ್ತಿದ್ದೇನೆ, ಆದ್ದರಿಂದ ಉದ್ದ ಇರುವುದಿಲ್ಲ. ನಿನ್ನ ಕಾಗದವನ್ನು ದೊಡ್ಡಮ್ಮ ಎರಡು ಸಲ ಓದಿಸಿಕೊಂಡಳು. "ಆವಮ್ಮ ಗಟ್ಟಿ ಎಂಗ್ಸು" ಅಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದು ಇಲ್ಲ.

ಬೂದಿಕೋಟೆ ರಸ್ತೆಯಲ್ಲಿ ಶ್ರೀನಿವಾಸಪ್ಪ ಅನ್ನುವವರ ಹಿಟ್ಟಿನ ಮಿಲ್ಲಿದೆ. ಈ ವಾರ ಅದರ ಗೋಡೆ ಬರೆದೆವು. ದೊಡ್ಡ ಅಕ್ಷರಗಳನ್ನು ನಾನು ಬರೆದೆ. ಗಿರಾಕಿ ಓದಬೇಕಾದ್ದು, ಸಂದು ಬಿಡುವ ಹಾಗಿಲ್ಲ. ಅದಕ್ಕೆ ವಿಜಯಕುಮಾರನನ್ನು ಕರೆದು, ನನ್ನ ಕಣ್ಣೆದುರೇ ಎರಡನೇ ಕೈ ಹಾಕು ಅಂದೆ. ಅವನು ಬೆವೆತುಹೋದ. ಎಲ್ಲಿ ತುಂಬಬೇಕು ಅಂತ ನಾನೇ ತೋರಿಸಿದೆ. ಎರಡು ಕಡೆ ಅವನು "ಇದು ಬೇಡ ಮಾಮ, ಇಂಗೇ ಚೆಂದಾಗೈತೆ" ಅಂದ. ಬಿಟ್ಟೆವು. ಶ್ರೀನಿವಾಸಪ್ಪ ಬಂದು ನೋಡಿ, "ಇದ್ಯಾಕೆ ಅಕ್ಷರ ಇಂಗೆ ಅದುರ್ತೈತೆ?" ಅಂದರು. "ನಿಮ್ ಮಿಲ್ಲು ಅದುರಲ್ವಾ, ಗೋಡೆ ಮ್ಯಾಲಿನ್ ಅಕ್ಷರಾನೂ ಅದುರ್ತೈತೆ" ಅಂದೆ. ಒಪ್ಪಿಕೊಂಡರು.

ಕೆಳಗಿನ ಮೂಲೆಯಲ್ಲಿ ಬರೆದವರ ಹೆಸರು ಹಾಕುವುದು ನಿನಗೆ ಗೊತ್ತಲ್ಲ. ಇಷ್ಟು ವರ್ಷ ಅಲ್ಲಿ ನನ್ನದೊಂದೇ ಇರುತ್ತಿತ್ತು. ಅವತ್ತು ವಿಜಯಕುಮಾರನಿಗೆ, "ಮೊದ್ಲು ನಿನ್ ಎಸ್ರು ಬರ್ಯೋ" ಅಂದೆ. ಯಾಕೆ ಅಂತ ಕೇಳಲಿಲ್ಲ, ಬಹಳ ಹೊತ್ತು ಮೂಗು ಒರೆಸಿಕೊಂಡ. ಬರೆದ. ಅದಕ್ಕೆ ಎರಡನೇ ಕೋಟೂ ಕೊಟ್ಟುಕೊಂಡ.

ಆಮೇಲೆ ಅದರ ಪಕ್ಕದಲ್ಲಿ ನನ್ನದು ಬರೆಯಲು ಕೂತೆ. ಅರ್ಧ ಬರುವಷ್ಟರಲ್ಲಿ ಕೈ ಅದುರಿ ಗೆರೆ ಬಿಟ್ಟುಹೋಯಿತು. ಹಾಗೇ ಮುಂದುವರಿಸಿ ಮುಗಿಸಿದೆ. ತಿರುಗಿ ಅವನನ್ನು ನೋಡಿದೆ. ಅವನ ಕೈಯಲ್ಲಿ ಬ್ರಷ್ಷಿತ್ತು, ಅದರಲ್ಲಿ ಬಣ್ಣವೂ ಇತ್ತು. ಆ ಸಂದನ್ನೇ ನೋಡುತ್ತಾ ನಿಂತಿದ್ದ.

"ಬಸ್ಸಿಗೆ ಒತ್ತಾಯ್ತು ಮಾಮ" ಅಂದು ಬ್ರಷ್ಷು ಒರೆಸಿ ಡಬ್ಬದ ಮುಚ್ಚಳ ಹಾಕಿದ.

ಕೋದಂಡಪ್ಪ